ಮೆಷಿನ್ ಎಣಿಸದ ಮುಖ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವನಲ್ಲ. ಯಾರಾದರೂ ಗೆಳೆಯರು ಲೈಟು ತಾನಾಗಿಯೇ ಹತ್ತಿಕೊಂಡಿತು, ಟಿವಿ ತಾನಾಗಿಯೇ ಮಾತಾಡಿತು ಎಂದರೆ "ಮಗಾ, ವೈರ್ ಲೂಸ್ ಇರತ್ತೆ ನೋಡು" ಎಂದು ನಗುತ್ತಿದ್ದವನು. ಯಂತ್ರ ತಪ್ಪು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಕೂತು ಹುಡುಕಿದರೆ ಸಿಗುತ್ತದೆ. ಎರಡು ವರ್ಷದ ಹಿಂದೆ ಗೋವಿಂದರಾಜನಗರದ ಒಂದು ಛತ್ರದಲ್ಲಿ ನಡೆದದ್ದಕ್ಕೆ ಮಾತ್ರ ನಾನು ಇವತ್ತಿನವರೆಗೂ ಹುಡುಕುತ್ತಲೇ ಇದ್ದೇನೆ. ಸಿಕ್ಕಿಲ್ಲ. ಅದು ನೆನಪಾದರೆ ಹೆದರಿಕೆ ಆಗುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ಯಾರ ಮೇಲೆ ಉರಿ ಅಂತ ಓದುತ್ತಾ ನಿಮಗೇ ತಿಳಿಯುತ್ತದೆ. ಅದರಲ್ಲಿ ಸ್ವಲ್ಪ ನನ್ನ ಮೇಲೂ ಇದೆ.

ನಾನು ಮದುವೆಗಳಿಗೆ ಫೋಟೋ ಬೂತ್ ಇಡುತ್ತೇನೆ. ನೋಡಿರುತ್ತೀರಿ: ಛತ್ರದ ಮೂಲೆಯಲ್ಲೊಂದು ಹೂವಿನ ಪರದೆ, ಅದರ ಎದುರಿಗೆ ಆಳೆತ್ತರದ ಸ್ಕ್ರೀನು, ಪಕ್ಕದ ಬುಟ್ಟಿಯಲ್ಲಿ ತಮಾಷೆಯ ಟೋಪಿ, ರಟ್ಟಿನ ಮೀಸೆ. ಓದಿದ್ದು ಬಿ.ಕಾಂ. ಇದನ್ನು ಯಾರೂ ಕಲಿಸಿಕೊಡಲಿಲ್ಲ. ವಿಡಿಯೋ ನೋಡಿ ನೋಡಿ, ಎಸ್.ಪಿ. ರಸ್ತೆಯಿಂದ ಬಿಡಿಭಾಗ ಹೊತ್ತು ತಂದು, ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ ಅಮ್ಮನ ಕೈಲಿ ಬೈಸಿಕೊಂಡು ಎಂಟು ತಿಂಗಳು ಕಟ್ಟಿದ್ದು. ಎದುರಿಗೆ ಯಾರು ನಿಂತರೂ ಸ್ಕ್ರೀನಿನಲ್ಲಿ ಅವರ ಮುಖದ ಸುತ್ತ ಹಳದಿ ಚೌಕ ಬರುತ್ತದೆ, ಮೂಲೆಯಲ್ಲಿ ಎಷ್ಟು ಮುಖ ಎಂಬ ಸಂಖ್ಯೆ. ಕೈ ಎತ್ತಿದರೆ ಮೂರು, ಎರಡು, ಒಂದು ಎಂದು ಎಣಿಸಿ ಫೋಟೋ ತೆಗೆಯುತ್ತದೆ. ಎಷ್ಟು ಮುಖವೋ ಅಷ್ಟು ಕಾಪಿ, ಕೆಳಗೆ ವಧೂವರರ ಹೆಸರು. ನನಗೊಂದು ನಿನಗೊಂದು ಎಂಬ ಜಗಳವೇ ಇಲ್ಲ.

ಅದಕ್ಕೆ ನಾನೊಂದು ನಿಯಮ ಬರೆದಿದ್ದೆ. ಮುಖ ಕಾಣದಿದ್ದರೆ ಫೋಟೋ ಇಲ್ಲ. ಒಂದು ನಾಮಕರಣದಲ್ಲಿ ಮಕ್ಕಳು ಮರೆಯಲ್ಲಿ ನಿಂತು ಕೈ ಮಾತ್ರ ಚಾಚಿ ಚಾಚಿ ಖಾಲಿ ಪರದೆಯ ಫೋಟೋಗಳನ್ನೇ ರಾಶಿ ಹಾಕಿಸಿದ್ದವು, ಆಮೇಲೆ ಬರೆದದ್ದು. ಇನ್ನೊಂದು, ಎದುರಿಗೆ ಯಾರೂ ಇಲ್ಲದಾಗ ಜನರನ್ನು ಕರೆಯಲಿ ಅಂತ ನನ್ನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದ್ದೆ. "ಯಾರೂ ಇಲ್ವಾ? ಬನ್ನಿ ಬನ್ನಿ, ನಾಚ್ಕೋಬೇಡಿ!" ಹದಿನೈದು ಸೆಕೆಂಡಿಗೊಮ್ಮೆ. ಎಲ್ಲರೂ ನಗುತ್ತಿದ್ದರು. ನನಗೂ ಹೆಮ್ಮೆ.

ಆ ಮದುವೆಗೆ ಬುಕ್ ಮಾಡಿದ್ದು ಮದುಮಗಳೇ. ಹೆಸರು ಚೈತ್ರಾ. ಜಾಗ ನೋಡಲು ಹೋದಾಗ, ಬೂತನ್ನು ಸ್ಟೇಜಿನ ಹತ್ತಿರ ಇಡಬೇಡಿ, ಊಟದ ಹಾಲಿಗೆ ಇಳಿಯುವ ಮೆಟ್ಟಿಲ ಬುಡದಲ್ಲಿ ಇಡಿ ಎಂದಳು. ಅಲ್ಲಿ ಬೆಳಕು ಸಾಲದು ಎಂದೆ. ಆಗ ವಿಷಯ ಹೇಳಿದಳು.

"ಅಪ್ಪ ಹೋಗಿ ಆರು ವರ್ಷ ಆಯ್ತು. ಧಾರೆ ದೊಡ್ಡಪ್ಪ ದೊಡ್ಡಮ್ಮ ಎರೀತಾರೆ. ಅಮ್ಮ ಸ್ಟೇಜ್ ಹತ್ತೋ ಹಾಗಿಲ್ಲ ಅಂತ ಈಗ್ಲೇ ಹೇಳ್ಬಿಟ್ಟಿದಾರೆ. ಕೆಳಗಡೆ ಆದ್ರೆ ಯಾರೂ ತಡೆಯಲ್ಲ. ಧಾರೆ ಸೀರೇಲಿ ನಾನು, ಪಕ್ಕದಲ್ಲಿ ನಮ್ಮಮ್ಮ. ಒಂದೇ ಒಂದು ಫೋಟೋ ಬೇಕು ನಂಗೆ."

ಅದಕ್ಕೆ ಬೂತ್ ಯಾಕೆ, ಯಾರ ಫೋನಿನಲ್ಲಾದರೂ ತೆಗೆಸಬಹುದಲ್ಲ ಎಂದು ನಿಮಗೂ ಅನಿಸಬಹುದು, ನಾನೂ ಕೇಳಿದೆ. "ಅದು ಕದ್ದು ತೆಗೆದ ಹಾಗಾಗತ್ತೆ. ಬಂದೋರಿಗೆಲ್ಲ ಎಂಥದ್ದು ಕೈಗೆ ಬರತ್ತೋ ಅಂಥದ್ದೇ ಅಮ್ಮಂಗೂ ಬರ್ಬೇಕು" ಎಂದಳು.

"ಆರಾಮಾಗಿ ಮಾಡೋಣ ಮೇಡಂ. ನಮ್ಮ ಮೆಷಿನ್‌ಗೆ ಶಾಸ್ತ್ರಗೀಸ್ತ್ರ ಗೊತ್ತಿಲ್ಲ. ಮುಖ ಇದ್ರೆ ಸಾಕು" ಎಂದು ದೊಡ್ಡದಾಗಿ ಹೇಳಿ ಬಂದೆ.

ಮದುವೆಯ ದಿನ ಬೆಳಿಗ್ಗೆ ಮೆಷಿನ್ ಒಳ್ಳೆಯ ಹುಮ್ಮಸ್ಸಿನಲ್ಲಿತ್ತು. ತಿಂಡಿ ಮುಗಿಸಿದವರೆಲ್ಲ ಸಾಲಾಗಿ ಬಂದರು. ತೋಳಿನಲ್ಲಿ ಮಲಗಿದ್ದ ಕೂಸನ್ನೂ ಎಣಿಸಿತು. ಒಬ್ಬರ ಟೀ ಶರ್ಟಿನ ಮೇಲೆ ಅಚ್ಚಾಗಿದ್ದ ಸಿನಿಮಾ ನಟನ ಮುಖವನ್ನೂ ಎಣಿಸಿ ಒಂದು ಕಾಪಿ ಹೆಚ್ಚಿಗೆ ಕೊಟ್ಟಿತು. "ಬಾಸ್‌ಗೂ ಒಂದು ಕಾಪಿ ಕೊಡ್ತು ಗುರು!" ಎಂದು ಅವರು ಕುಣಿದರು. ಮೇಲೆ ಗಟ್ಟಿಮೇಳ ಬಾರಿಸಿದಾಗ ಮೆಟ್ಟಿಲ ಬುಡ ಖಾಲಿಯಾಯಿತು. ಊಟದ ಹಾಲಿನ ಕಡೆ ತಿರುಗಿ ನೋಡಿದರೆ, ಸಾರಿನ ಕೊಳದಪ್ಪಲೆಗಳ ಪಕ್ಕ ನೀಲಿ ಸೀರೆಯ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ಮಗಳ ಮಾಂಗಲ್ಯಧಾರಣೆಯನ್ನು ಅಡುಗೆಯವರ ನಡುವೆ ನಿಂತು ಕಿವಿಯಲ್ಲಿ ನೋಡುತ್ತಿದ್ದ ಆ ಹೆಂಗಸೇ ನಾಗರತ್ನ ಆಂಟಿ, ಚೈತ್ರಾಳ ತಾಯಿ. ನನಗೆ ಅಲ್ಲಿಂದಲೇ ಸಿಟ್ಟು ಶುರುವಾಯಿತು.

ಮೇಳ ನಿಂತ ಮೇಲೆ ಅವರೇ ಬಂದರು. "ಚೈತ್ರಾ ಹೇಳಿದ್ಲು. ಬರ್ತಾಳಂತೆ ಇನ್ನೊಂದ್ ಸ್ವಲ್ಪ ಹೊತ್ಗೆ."

"ಬನ್ನಿ ಆಂಟಿ, ಅಷ್ಟರಲ್ಲಿ ನಿಮ್ದೊಂದು ಟ್ರಯಲ್ ನೋಡೋಣ."

"ನಂದ್ಯಾಕಪ್ಪ..." ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಪರದೆಯ ಮುಂದೆ ನಿಂತರು.

ಚೌಕ ಬರಲಿಲ್ಲ. ಮೂಲೆಯಲ್ಲಿ ಸೊನ್ನೆ. ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಸ್ಕ್ರೀನಿನಲ್ಲಿ ಆಂಟಿ ನಗುತ್ತಾ ನಿಂತಿದ್ದಾರೆ, ನನ್ನ ದನಿ ಕೂಗುತ್ತಿದೆ: "ಯಾರೂ ಇಲ್ವಾ? ಬನ್ನಿ ಬನ್ನಿ, ನಾಚ್ಕೋಬೇಡಿ!"

"ಇದೀನಪ್ಪ, ಇಲ್ಲೇ ಇದೀನಿ" ಎಂದು ಆಂಟಿ ಸ್ಕ್ರೀನಿಗೇ ಉತ್ತರ ಕೊಟ್ಟರು.

ಕನ್ನಡಕ ತೆಗೆಸಿದೆ. ಮುಂದೆ ಕರೆದೆ, ಹಿಂದೆ ನಿಲ್ಲಿಸಿದೆ. ಇನ್ನೊಂದು ಲೈಟು ಹಾಕಿದೆ. ಆಫ್ ಮಾಡಿ ಆನ್ ಮಾಡಿದೆ. ಪಕ್ಕದಲ್ಲಿ ನಾನು ನಿಂತರೆ ಒಂದು ಅನ್ನುತ್ತದೆ, ಚೌಕ ನನಗೆ ಮಾತ್ರ. ಕೈ ತೊಳೆದು ಬರುತ್ತಿದ್ದ ಒಬ್ಬ ತಾತನನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ ತಕ್ಷಣ ಚೌಕ. ತಾತ ಸರಿದು ಆಂಟಿ ನಿಂತರೆ ಸೊನ್ನೆ. "ಯಾರೂ ಇಲ್ವಾ?" ನನ್ನ ದನಿ ಕೇಳಿ ನನಗೇ ನಾಚಿಕೆಯಾಗಿ ಸ್ಪೀಕರಿನ ವೈರ್ ಕಿತ್ತು ಹಾಕಿದೆ. ಅಲ್ಲಿಯವರೆಗೆ ಒಂದೇ ಒಂದು ಮುಖವನ್ನೂ ಬಿಡದ ಮೆಷಿನ್ ಅದು.

ಅಷ್ಟರಲ್ಲಿ ಚೈತ್ರಾ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದು ಬಂದಳು. ಹಿಂದೆಯೇ ಅವಳ ದೊಡ್ಡಪ್ಪ, ಜರಿ ಪಂಚೆ, ಕುತ್ತಿಗೆಗೆ ಹಾರ. "ಸ್ಟೇಜ್ ಮೇಲೆ ಜನ ಕಾಯ್ತಾ ಇದಾರೆ ಕಣಮ್ಮ. ಇವತ್ತೇ ಆಗ್ಬೇಕಾ ಇದು? ನಾಳೆ ಮನೇಲಿ ಸಾವಿರ ತೆಗೆಸ್ಕೋ."

"ಎರಡು ನಿಮಿಷ ದೊಡ್ಡಪ್ಪ" ಎಂದು ಅವಳು ತಾಯಿಯ ತೋಳು ಹಿಡಿದು ನಿಂತಳು. ಚೌಕ ಬಂತು. ಒಂದು. ಚೈತ್ರಾಗೆ ಮಾತ್ರ.

ಆಂಟಿಗೆ ಏನನ್ನಿಸಿತೋ, ಪರ್ಸಿನಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಎದೆಯ ಹತ್ತಿರ ಹಿಡಿದರು. ಯಜಮಾನರದ್ದು. ಹಳೆಯದು, ಅಂಚು ಸುಕ್ಕಾಗಿತ್ತು. ತಕ್ಷಣ ಆ ಫೋಟೋದ ಸುತ್ತ ಪುಟ್ಟದೊಂದು ಹಳದಿ ಚೌಕ ಕೂತಿತು. ಎರಡು.

ಅಚ್ಚಾದ ಮುಖವನ್ನು ಮೆಷಿನ್ ಎಣಿಸುವುದು ದೊಡ್ಡ ಸಂಗತಿಯಲ್ಲ, ಬೆಳಿಗ್ಗೆಯೇ ಎಣಿಸಿತ್ತು. ಆದರೆ ಅದನ್ನು ಹಿಡಿದ ಕೈ ಕಾಣುತ್ತಿದೆ, ಆ ಕೈಗಿಂತ ಮೇಲೆ ಜೀವಂತ ಮುಖ ಇದೆ, ಆ ಮುಖಕ್ಕೆ ಏನೂ ಇಲ್ಲ. ಮೊದಲು ನಕ್ಕಿದ್ದು ಆಂಟಿಯೇ. "ನೋಡೇ, ನಿಮ್ಮಪ್ಪನ್ನ ಗುರುತು ಹಿಡೀತು. ನಾನೇ ಕಾಣ್ತಾ ಇಲ್ಲ ಇದಕ್ಕೆ."

"ನೋಡಿದ್ರಾ" ಎಂದರು ದೊಡ್ಡಪ್ಪ. "ಮೆಷಿನ್‌ಗೂ ಗೊತ್ತಾಗತ್ತೆ, ಯಾರು ಎಲ್ಲಿರ್ಬೇಕು ಅಂತ."

ಹಿರಿಯರ ಎದುರು ನಾನು ದನಿ ಏರಿಸಿದವನಲ್ಲ. ಅವತ್ತು ಏರಿತು. "ಸಾರ್, ಅದನ್ನ ಕಟ್ಟಿದೋನು ನಾನು. ಅದಕ್ಕೆ ಏನೂ ಗೊತ್ತಾಗಲ್ಲ. ಗೊತ್ತಾಗ್ಬೇಕಾಗಿರೋದು ನಿಮಗೆ. ಇವರು ಇಲ್ಲೇ ನಿಂತಿದಾರೆ, ಕಾಣ್ತಿಲ್ವಾ ನಿಮಗೆ?"

"ಏಯ್, ಯಾರಯ್ಯ ನೀನು? ಕರೆದಿರೋದು ಫೋಟೋ ತೆಗೆಯೋಕೆ!" ಎಂದು ಅವರು ಕೈ ಎತ್ತಿ ಮುಂದೆ ಬಂದರು. ಬಂದವರು ಸ್ಕ್ರೀನಿನ ಕಡೆ ನೋಡಿ ನಿಂತುಬಿಟ್ಟರು. ಆ ಪುಟ್ಟ ಚೌಕದೊಳಗೆ ಇದ್ದದ್ದು ಅವರ ಸ್ವಂತ ತಮ್ಮ. ಎತ್ತಿದ ಕೈ ಇಳಿಯಿತು. ಮೆಟ್ಟಿಲು ಹತ್ತಿ ಹೋದರು.

ಚೈತ್ರಾ ಕೈ ಎತ್ತಿದ್ದರೆ ಫೋಟೋ ಬರುತ್ತಿತ್ತು, ಆದರೆ ಆಂಟಿಯನ್ನು ಎಣಿಸದ ಫೋಟೋ ನನಗೆ ಬೇಡವಾಗಿತ್ತು. ನಾನು ಊಟದ ಹಾಲಿನಿಂದ ಒಂದು ಚಮಚ ತಂದು, ಅದರ ಹಿಡಿಯಿಂದಲೇ ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿ ಕ್ಯಾಮೆರಾ ಹೊರಗೆ ಎಳೆದೆ. ಕೈಯಲ್ಲೇ ಹಿಡಿದು ತೆಗೆದೆ. ಎಣಿಕೆ ಗಿಣಿಕೆ ಏನೂ ಇಲ್ಲದೆ ನೇರ ಪ್ರಿಂಟರಿಗೆ ಕಳಿಸಿದೆ, ಕೆಳಗೆ ಹೆಸರು ಹಾಕಿ, ಎಲ್ಲರ ಫೋಟೋದ ಹಾಗೆಯೇ. ಬಂತು. ಮಗಳು, ತಾಯಿ, ತಾಯಿಯ ಕೈಯಲ್ಲಿ ತಂದೆ. ಆಂಟಿ ನೇರ ಲೆನ್ಸನ್ನೇ ನೋಡುತ್ತಿದ್ದರು. ಫೋಟೋದಲ್ಲಿದ್ದ ತಮ್ಮದೇ ಮುಖದ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ, "ಚೆನ್ನಾಗಿ ಬಂದಿದೀನಲ್ವಾ?" ಎಂದರು. ಚೈತ್ರಾ ಅಳುತ್ತಿದ್ದಳು.

ಮನೆಗೆ ಬಂದು ಅದೇ ಫೋಟೋವನ್ನು ಅದೇ ಪ್ರೋಗ್ರಾಮಿಗೆ ಹಾಕಿದೆ. ಮೂರು ಎಂದಿತು. ಒಂದು ಕ್ಷಣವೂ ತಡವರಿಸಲಿಲ್ಲ. ಮೆಷಿನ್ "ಯಾರೂ ಇಲ್ವಾ" ಎಂದು ಕೂಗುವಾಗಲೆಲ್ಲ ಎದುರಿಗಿದ್ದ ದೃಶ್ಯವನ್ನು ಉಳಿಸಿಕೊಳ್ಳುತ್ತದೆ. ಅವನ್ನೆಲ್ಲ ತೆರೆದೆ. ಪ್ರತಿಯೊಂದರಲ್ಲೂ ಆಂಟಿ ಇದ್ದಾರೆ. ಒಂದರಲ್ಲಿ "ಇದೀನಪ್ಪ" ಎನ್ನುತ್ತಾ ಬಾಯಿ ತೆರೆದಿದ್ದಾರೆ. ಪ್ರತಿಯೊಂದನ್ನೂ ಮತ್ತೆ ಹಾಕಿದೆ. ಒಂದು, ಒಂದು, ಒಂದು. ಅವತ್ತು ಅದೇ ಚಿತ್ರಗಳಿಗೆ ಸೊನ್ನೆ ಎಂದಿದ್ದ ಮೆಷಿನ್ ಅದು. ಮನೆಯಲ್ಲೂ ಸೊನ್ನೆ ಎಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ತಪ್ಪು ಹುಡುಕಿ ಸರಿಮಾಡುತ್ತಿದ್ದೆ.

ಗೆಳೆಯರಿಗೆ ಹೇಳಿದರೆ "ಲೈಟಿಂಗ್ ಪ್ರಾಬ್ಲಂ ಕಣೋ" ಎನ್ನುತ್ತಾರೆ, ಹಿಂದೆ ನಾನು ಹೇಳುತ್ತಿದ್ದ ಹಾಗೆಯೇ. ಅದೇ ಲೈಟಿನಲ್ಲಿ ತಾತ ಕಂಡರಲ್ಲ? ಇನ್ನು ಕೆಲವರು ತಲೆ ಆಡಿಸಿ "ಅದಕ್ಕೇ ಹಿರಿಯರು ಸುಮ್ನೆ ಹೇಳಲ್ಲ" ಎಂದಾಗ ಎದ್ದು ಹೋಗಿದ್ದೇನೆ. ನಾನು ಬರೆದ ನಿಯಮವನ್ನು ಅಳಿಸಿಹಾಕಿದ್ದೇನೆ. ಮುಖ ಇಲ್ಲ ಎಂದು ಯಾರನ್ನೂ ಹಿಂದಕ್ಕೆ ಕಳಿಸುವ ಅಧಿಕಾರ ನನ್ನ ಮೆಷಿನ್‌ಗೆ ಈಗ ಇಲ್ಲ. ಹಾಗಂತ ಕಾರಣ ಸಿಕ್ಕಿತು ಅಂತಲ್ಲ.

ತಿಂಗಳ ನಂತರ ಆ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆಂಟಿಯ ಮನೆಗೆ ಹೋದೆ. ಬ್ಯಾಗಿನಲ್ಲಿ ಅದೇ ಪ್ರೋಗ್ರಾಮಿದ್ದ ಲ್ಯಾಪ್‌ಟಾಪೂ ಇತ್ತು. ನಿಜ ಹೇಳಬೇಕೆಂದರೆ ಅದಕ್ಕೇ ಹೋಗಿದ್ದೆ. ಕಾಫಿ ಕೊಟ್ಟರು. ಫೋಟೋ ನೋಡಿ ಖುಷಿಪಟ್ಟರು. ನಾನು ಧೈರ್ಯ ಮಾಡಿ ಕೇಳಿದೆ. "ಆಂಟಿ, ಒಂದೇ ಒಂದ್ಸಲ ಇದರ ಮುಂದೆ ಕೂತ್ಕೋತೀರಾ? ನೋಡೇಬಿಡೋಣ."

ಅವರು ಬ್ಯಾಗನ್ನು ನನ್ನ ಕಡೆಗೇ ಸರಿಸಿದರು.

"ಬೇಡಪ್ಪ. ನಾನಿಲ್ಲ ಅಂತ ಅದು ಅಂದ್ರೆ ನಂಗೇನೂ ಹೊಸದಲ್ಲ. ಇದೀನಿ ಅಂದ್ಬಿಟ್ರೆ, ಅವತ್ತು ನಾನು ಎಲ್ಲಿದ್ದೆ ಹೇಳು?"

ಬ್ಯಾಗನ್ನು ತೆರೆಯದೆಯೇ ಎತ್ತಿಕೊಂಡು ಬಂದೆ.