ಹನ್ನೊಂದು ಅರ್ಜಿ, ಒಂದೇ ನಂಬರು

ಕಾಲೇಜಿಗೆ ಅರ್ಜಿ ಹಾಕುವ ಕಾಲ ಬಂತೆಂದರೆ ಲೈಬ್ರರಿ ಅಕ್ಕನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಪುಸ್ತಕ ಕೊಡುವುದು, ವಾಪಸು ಪಡೆಯುವುದು ಅವಳ ಕೆಲಸ. ಆದರೆ ಯಾವ ಕೋರ್ಸಿಗೆ ಯಾವ ಕಾಲೇಜು ಎಂದು ಹುಡುಕಿಕೊಟ್ಟು, ಅಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಸುವುದೂ ಇಪ್ಪತ್ತೆರಡು ವರ್ಷಗಳಲ್ಲಿ ಹೇಗೋ ಅವಳ ತಲೆಗೇ ಬಿದ್ದಿದೆ. ಮಾಡೆಂದು ಮೇಲಿನವರು ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಹೇಳಬೇಕಾದರೆ ಅವರು ಇತ್ತ ತಲೆ ಹಾಕಬೇಕಲ್ಲ!

"ಊರ ಮಕ್ಕಳ ಉಸಾಬರಿ ನಿನಗ್ಯಾಕೆ?" ಎಂದು ತಂಗಿ ಬೈಯುತ್ತಲೇ ಇರುತ್ತಾಳೆ.

ಫೋನ್ ನಂಬರು ಬರೆಯುವ ಜಾಗಕ್ಕೆ ಬಂದಾಗ ಮಕ್ಕಳು ತಡವರಿಸುತ್ತಾರೆ.

"ಅಕ್ಕಾ, ಮನೇಲಿರೋದು ಒಂದೇ ಫೋನು. ಅಪ್ಪ ಕೆಲಸಕ್ಕೆ ತಗೊಂಡು ಹೋಗ್ತಾರೆ, ಅಲ್ಲಿ ಎತ್ತಲ್ಲ."

"ಸರಿ, ಲೈಬ್ರರೀದೇ ಹಾಕಮ್ಮ," ಎನ್ನುತ್ತಾಳೆ ಅಕ್ಕ. ಯಾರ ಅರ್ಜಿ ಯಾವ ಕಾಲೇಜಿಗೆ ಹೋಯಿತೆಂದು ರದ್ದಾದ ಪುಸ್ತಕದ ಕಾರ್ಡುಗಳ ಹಿಂದೆ ಬರೆದಿಟ್ಟುಕೊಳ್ಳುತ್ತಾಳೆ.

ಅಂದು ಬಾಗಿಲು ಹಾಕುವ ಹೊತ್ತು. ಬೆಳಗಿನಿಂದ ನಿಂತು ಕಾಲು ಬಾತಿತ್ತು, ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು. ಕಿಟಕಿ ಮುಚ್ಚುವಾಗ ಫೋನು ಹೊಡೆದುಕೊಂಡಿತು. ಹಾಳಾದ್ದು ಎಂದು ಗೊಣಗುತ್ತಾ ಎತ್ತಿದಳು.

ಮಾತಾಡಿದ್ದು ಒಂದು ಕಾಲೇಜಿನ ಗುಮಾಸ್ತ. "ಏನಮ್ಮಾ, ತಮಾಷೆ ಮಾಡ್ತಿದ್ದೀರಾ? ಒಂದೇ ನಂಬರಲ್ಲಿ ಹನ್ನೊಂದು ಅರ್ಜಿ ಬಂದಿದೆ! ಅಷ್ಟೂ ನಿಮ್ಮ ಮಕ್ಕಳೇನು?"

ಇದು ಲೈಬ್ರರಿಯಪ್ಪಾ ಎಂದು ಮೊದಲಿಂದ ವಿವರಿಸುವ ತ್ರಾಣ ಅವಳಿಗಿರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು, ಆ ಕಾಲೇಜಿನ ಕಾರ್ಡುಗಳನ್ನು ಎಳೆದುಕೊಂಡು ಒಂದೊಂದಾಗಿ ಎಣಿಸಿದಳು.

"ಹನ್ನೊಂದಲ್ಲ ಸ್ವಾಮಿ, ಹದಿಮೂರು. ಇನ್ನಿಬ್ಬರನ್ನ ಎಲ್ಲಿ ಕಳೆದ್ರಿ? ಹುಡುಕಿ, ನಾನು ಫೋನ್ ಇಡಲ್ಲ."