ಬಲಗಡೆಯಿಂದ ಹತ್ತಿದ ಕುದುರೆ

ಒದ್ದೆ ಗೋಣಿತಟ್ಟು, ಅದರ ಮೇಲೆ ಆರುತ್ತಿರುವ ಕುದುರೆಯ ಬೆವರು, ಪಕ್ಕದಲ್ಲಿ ನೆನೆಹಾಕಿದ ಕಡಲೆಯ ಬಕೀಟು... ಇವು ಕೂಡಿದರೆ ಒಂದು ವಾಸನೆ ಏಳುತ್ತದೆ. ಬೇರೆಯವರು ಮೂಗು ಮುಚ್ಚಿಕೊಂಡಾರು. ನನಗೆ ಕಣ್ಣಲ್ಲಿ ನೀರು ಬಂತು. ಹೋದ ವಾರ ಜನವಾಡದಲ್ಲಿ ಒಬ್ಬರ ಕೊಟ್ಟಿಗೆಯ ಮುಂದೆ ನಿಂತಿದ್ದೆವು. ಬೀದರಿನ ಹೊರಗೆ ಹೊಲದಲ್ಲಿ ಮನೆ ಕಟ್ಟಿಕೊಂಡಾಗಿನಿಂದ ತಮ್ಮನ ಮಕ್ಕಳು ಹಿಡಿದ ಹಟ ಒಂದೇ, ಕುದುರೆ ಬೇಕು. ತಮ್ಮ, ಅವನ ಹೆಂಡತಿ, ಮಕ್ಕಳು ಎಲ್ಲ ಕುದುರೆಯ ಮುಖ ನೋಡಲು ಹೋದರು. ನಾನು ಕೋಲೂರಿಕೊಂಡು ಅದರ ಬಲಗಡೆಗೆ ಹೋಗಿ ನಿಂತೆ.

"ಅತ್ತೀ, ಈ ಕಡಿ ಬಾ. ಹತ್ತೋದು ಎಡಗಡಿಯಿಂದ" ಎಂದಳು ತಮ್ಮನ ಮಗಳು. ಫೋನಿನಲ್ಲಿ ನೋಡಿ ಎಲ್ಲ ಕಲಿತಿದ್ದಾಳೆ. ಅವಳು ಹೇಳಿದ್ದು ತಪ್ಪಲ್ಲ. ಆದರೆ ನನಗೆ ಕುದುರೆ ಆರಿಸುವುದನ್ನು ಕಲಿಸಿದವರು ಬಲಗಡೆಯಿಂದಲೇ ಶುರು ಮಾಡುತ್ತಿದ್ದರು.

ಊರಿಗೆಲ್ಲ ಅವರು ನರ್ಸಬಾಯಿ. ಔರಾದದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮೋಟುಗೋಡೆ ಅಷ್ಟೇ. ಹುಟ್ಟಿದ್ದು ಭಾಲ್ಕಿಯಲ್ಲಿ, ನೌಕರಿ ಮಾಡಿದ್ದು ಮಿಷನ್ ದವಾಖಾನೆಯಲ್ಲಿ. ಬಸ್ಸಿಲ್ಲದ ಕಾಲದಲ್ಲಿ ಕುದುರೆಯ ಮೇಲೆ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದವರು. ನಿವೃತ್ತಿಯಾದ ಮೇಲೆ ಔರಾದಕ್ಕೇ ಏಕೆ ಬಂದರೆಂದು ನನ್ನ ಅವ್ವ ಒಮ್ಮೆ ಕೇಳಿದಳಂತೆ. "ಇಲ್ಲಿ ನಾ ಹಡಸಿದ ಮಂದಿ ಭಾಳ ಅದಾರವಾ. ಕೊನೀಗಾಲಕ್ಕ ಯಾರರ ಒಬ್ಬರು ನೀರು ಕೊಡ್ತಾರ" ಎಂದರಂತೆ. ಮದುವೆಯಾಗಿರಲಿಲ್ಲ. ರವಿವಾರ ಬೆಳಗಿನ ಬಸ್ಸಿಗೆ ಕರಿ ಕೊಡೆ ಹಿಡಿದು ಬೀದರಿನ ಚರ್ಚಿಗೆ ಹೋಗುತ್ತಿದ್ದರು. ಮನೆಗೆ ಯಾರೇ ಬರಲಿ, ತಹಶೀಲ್ದಾರರೇ ಬರಲಿ, ಮೊದಲ ಮಾತು "ಕೈ ತೊಳಕೋರಿ". ನಮ್ಮ ಓಣಿಯ ಹುಡುಗರು ಅವರ ಕೈಯ ಬಿಸ್ಕೀಟಿಗೆ ಆಸೆಪಟ್ಟು, ಆ ಸೋಪಿಗೆ ಹೆದರಿ, ಬಾಗಿಲಲ್ಲೇ ಹಿಂದೆಮುಂದೆ ನೋಡುತ್ತಿದ್ದರು.

ನಾನಿನ್ನೂ ನಡೆಯಲು ಕಲಿಯುತ್ತಿದ್ದಾಗ ಬಂದ ಜ್ವರವೊಂದು ನನ್ನ ಎಡಗಾಲಿನ ಬಲವನ್ನು ಒಯ್ದುಬಿಟ್ಟಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದೆ, ಸಾಲೆಗೆ, ಅಲ್ಲೇ ಮಾಸ್ತರರಾಗಿದ್ದ ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ಹೋಗುತ್ತಿದ್ದೆ. ತೊಂದರೆ ಇದ್ದದ್ದು ಹೊಲಕ್ಕೆ. ನಮ್ಮ ಹೊಲ ಚಿಂತಾಕಿಯ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ಕಲ್ಲು, ಹಳ್ಳ, ಬದುವಿನ ಮೇಲಿನ ಕಾಲುದಾರಿ. ಸೈಕಲ್ಲು ಹೋಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ಹೆಗಲ ಮೇಲೆ ಹೊತ್ತೊಯ್ದರು. ಬೆಳೆದ ಮೇಲೆ ಅವರ ಹೆಗಲೂ ಸೋತಿತು, ನನಗೂ ನಾಚಿಕೆಯಾಯಿತು. ಚಳಿಗಾಲದಲ್ಲಿ ಜೋಳ ಹಾಲುಗಾಳಾದಾಗ ತಮ್ಮನೂ ಓಣಿಯ ಮಕ್ಕಳೂ ನಮ್ಮ ಹೊಲಕ್ಕೆ ಹೋಗಿ, ಎಳೆ ತೆನೆ ಸುಟ್ಟು ಸೀತನಿ ತಿನ್ನುತ್ತಿದ್ದರು. ನನ್ನ ಪಾಲು ಟವೆಲ್ಲಿನಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿತ್ತು, ತಣ್ಣಗಾಗಿ. ತಣ್ಣಗಾದ ಸೀತನಿ ತಿಂದವರಿಗೇ ಗೊತ್ತು ಅದರ ರುಚಿ. ಒಂದು ಸಲ ಅದನ್ನು ಅಂಗಳಕ್ಕೆ ಚೆಲ್ಲಿ, ನಾನೂ ಹೊಲದಲ್ಲೇ ಬಿಸಿಬಿಸಿ ತಿನ್ನಬೇಕೆಂದು ಗೋಳೋ ಎಂದು ಅತ್ತೆ. ಆ ಸಂಜೆಯೇ ಅಪ್ಪ ಕುದುರೆಯ ಮಾತು ಎತ್ತಿದರು.

ಊರು ಸುಮ್ಮನಿರುತ್ತದೆಯೇ? "ಮಾಸ್ತರು ಕುದುರಿ ತಗೋತಾರಂತ. ಈ ವಯಸ್ಸಿನಾಗ ಮತ್ತ ಮದಲಿಂಗ ಆಗ್ತಾರೇನ್ರಿ?" ಎಂದು ಚಹಾದಂಗಡಿಯಲ್ಲಿ ಕುಶಾಲು ನಡೆಯಿತು. ಅಪ್ಪ ತಲೆಕೆಡಿಸಿಕೊಳ್ಳಲಿಲ್ಲ. ಹುಡುಕಿ ಹುಡುಕಿ, ಮುಂದಿನ ದೀಪಾವಳಿಯ ಹೊತ್ತಿಗೆ ಬೀದರಿನಲ್ಲಿ ಒಂದು ಕುದುರೆ ಇದೆಯೆಂದು ತಿಳಿದು ಮನೆಮಂದಿಯನ್ನೆಲ್ಲ ಬಸ್ಸಿಗೆ ಹತ್ತಿಸಿದರು. ಕುದುರೆ ಬಲ್ಲವರೆಂದು ನರ್ಸಬಾಯಿಯನ್ನೂ ಕರೆದರು.

ನಮ್ಮ ಕಡೆ ಕುದುರೆಯಾಗಲಿ ಎತ್ತಾಗಲಿ, ಕೊಳ್ಳುವಾಗ ಮೊದಲು ನೋಡುವುದು ಸುಳಿ. ಮೈಮೇಲೆ ಕೂದಲು ಚಕ್ರದ ಹಾಗೆ ತಿರುಗಿದ ಜಾಗವದು. ಅವು ಎಲ್ಲಿವೆ, ಎಷ್ಟಿವೆ ಎಂಬುದರ ಮೇಲೆ ಮನೆಗೆ ಏಳಿಗೆಯೋ ಕೇಡೋ ಎಂದು ಹೇಳುತ್ತಾರೆ. ಅಪ್ಪನ ತಾಯಿ, ನಮ್ಮ ಆಯಿ, ಅದರಲ್ಲಿ ಎತ್ತಿದ ಕೈ. ಬೀದರಿನ ಆ ಕುದುರೆ ಬೆಳ್ಳಗೆ, ಎತ್ತರಕ್ಕೆ, ಮದುವೆಯ ಮೆರವಣಿಗೆಗೆ ಬಾಡಿಗೆ ಹೋಗುವಂಥದ್ದು. ಆಯಿ ಸುತ್ತ ತಿರುಗಿ ನೋಡಿ, "ದೇವರಂಥಾ ಸುಳಿ ಅದ. ಕಣ್ಣು ಮುಚ್ಚಿ ತಗೋ" ಎಂದಳು. ಅಪ್ಪನಿಗೂ ಒಂದು ಲೆಕ್ಕವಿತ್ತು. "ದಿನಾ ಹುಡುಗರನ್ನ ಹೊರೋ ಕುದುರಿ. ಬ್ಯಾಂಡಿಗೂ ಹೆದರಂಗಿಲ್ಲ, ಪಟಾಕಿಗೂ ಹೆದರಂಗಿಲ್ಲ. ಇದಕಿಂತ ಸಾಧು ಎಲ್ಲಿ ಸಿಗ್ತದ್ರಿ?"

ನರ್ಸಬಾಯಿ ಬಲಗಡೆಗೆ ಹೋಗಿ ಜೀನಿನ ಮೇಲೆ ಎರಡೂ ಕೈಯಿಟ್ಟು ಭಾರ ಹಾಕಿದರು. ಕುದುರೆ ಬೆಚ್ಚಿ ಪಕ್ಕಕ್ಕೆ ಸರಿಯಿತು. "ಎಡಗಡಿಯಿಂದ ಬರ್ರಿ ಬಾಯಾರ, ಆ ಕಡಿ ಅದಕ್ಕ ರೂಢಿ ಇಲ್ಲ" ಎಂದು ಕುದುರೆಯವನು ನಕ್ಕ. ಎಲ್ಲರೂ ನಕ್ಕರು. ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡೆವು. ಅವರು ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು, "ಇದಕ್ಕ ನಿಲ್ಲೋದು ಗೊತ್ತದ ಮಾಸ್ತರ. ಹೋಗೋದು ಗೊತ್ತದೋ ಇಲ್ಲೋ ನೋಡ್ರಿ" ಎಂದಷ್ಟೇ ಹೇಳಿದರು. ಪಸಂದಾಗದಿದ್ದರೆ ತಿರುಗಿ ತರುವ ಮಾತಿನ ಮೇಲೆ ಕುದುರೆ ಔರಾದಕ್ಕೆ ಬಂತು.

ದೀಪಾವಳಿ ಕಳೆದು ಲಗ್ನಗಳು ಶುರುವಾಗಿದ್ದವು. ಅಪ್ಪ ನನ್ನನ್ನು ಎತ್ತಿ ಕೂರಿಸಿ, ಲಗಾಮು ಹಿಡಿದು ಹೊಲದ ದಾರಿ ಹಿಡಿದರು. ಹಳ್ಳ ದಾಟುವವರೆಗೆ ನಾನು ರಾಣಿ. ಆಮೇಲೆ ಎಲ್ಲೋ ದೂರದಲ್ಲಿ ಹಲಗೆಯ ಸದ್ದು ಕೇಳಿತು. ಕುದುರೆ ನಿಂತಿತು, ಕಿವಿ ನಿಮಿರಿಸಿತು, ಮುಂಗಾಲು ಎತ್ತಿ ಕುಣಿಯತೊಡಗಿತು! ನಾನು ಕುತ್ತಿಗೆಯ ಕೂದಲು ಹಿಡಿದು ಚೀರುತ್ತಿದ್ದೇನೆ, ಅಪ್ಪ ಜಗ್ಗುತ್ತಿದ್ದಾರೆ, ಅದು ಅಪ್ಪನನ್ನೇ ಎಳೆದುಕೊಂಡು ಸದ್ದು ಬಂದ ಕಡೆಗೆ ಹೊರಟಿತು. ನೇರ ಯಾರದೋ ಮದುವೆಯ ಹಂದರದ ಮುಂದೆ ಹೋಗಿ ನಿಂತು, ಹಲಗೆಯವರು ದಣಿಯುವವರೆಗೆ ಕುಣಿಯಿತು. ಬೀಗರು ಕಳಿಸಿದ ಕುದುರೆಯೆಂದು ತಿಳಿದ ಹೆಣ್ಣಿನವರು ನಮಗೆ ಹುಗ್ಗಿ ಬಡಿಸಿದರು. ಟ್ರ್ಯಾಕ್ಟರಿನಲ್ಲಿ ಬಂದಿಳಿದ ನಿಜವಾದ ಮದಲಿಂಗ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಈಗ ನಗು ಬರುತ್ತದೆ. ಅಂದು ನಾನು ಇಳಿಯುವಾಗ ಜಾರಿ ಬಿದ್ದು ಮೊಣಕೈ ತರಚಿಕೊಂಡಿದ್ದೆ, ಇನ್ನು ಕುದುರೆಯ ಸುದ್ದಿಯೇ ಬೇಡವೆಂದು ಅಪ್ಪ ಮುಖ ಸಣ್ಣದು ಮಾಡಿಕೊಂಡಿದ್ದರು. "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ" ಎಂದು ಅವ್ವ ಗೊಣಗಿದಳು. ಕುದುರೆ ಬೀದರಿಗೆ ತಿರುಗಿ ಹೋಯಿತು. ನನಗೆ ಹೊಲ ಮತ್ತೆ ದೂರವಾಯಿತು.

ಕೆಲವು ದಿನ ಕಳೆದ ಮೇಲೆ ನರ್ಸಬಾಯಿ ಗೋಡೆಯಾಚೆಯಿಂದ, "ಮಾಸ್ತರ, ಹುಡುಗೀನ ನನ್ನ ಸಂಗಟ ಭಾಲ್ಕಿಗೆ ಕಳಸ್ರಿ" ಎಂದರು. ಕುದುರೆ ಆರಿಸಲು ನಾವಿಬ್ಬರೇ ಹೋದೆವು. ಭಾಲ್ಕಿ ಸ್ಟೇಷನ್ನಿನ ಹೊರಗೆ ಟಾಂಗಾ ಹೊಡೆಯುತ್ತಿದ್ದ ಚಾಚಾ ಒಬ್ಬರಿದ್ದರು. ಆಟೋಗಳು ಬಂದು ಟಾಂಗಾ ನಿಲ್ಲಿಸುವವರಿದ್ದರು. ಕುದುರೆ ಕಂದು ಬಣ್ಣದ್ದು, ಹೆಣ್ಣು, ಹೆಸರು ಬಿಜಲಿ. ಅಷ್ಟು ಸಾವಕಾಶದ ಮಿಂಚನ್ನು ನಾನು ಎಲ್ಲೂ ಕಂಡಿಲ್ಲ.

"ಬಾಯಾರ, ಭಾಳ ಗರೀಬ ಜಾನವಾರ ಅದ, ಯಾರಿಗೂ ಒದಿಯಂಗಿಲ್ಲ. ಖರೆ, ಹಣಿ ಮ್ಯಾಲ ಜೋಡಿ ಸುಳಿ ಅವ. ಮನಿ ಹಿರ್ಯಾರಿಗೆ ಬರೋಬರ್ ಅಲ್ಲ ಅಂತಾರ. ಮೊದಲ ಹೇಳ್ತೇನಿ" ಎಂದರು ಚಾಚಾ.

ನರ್ಸಬಾಯಿ ಸುಳಿಯನ್ನು ನೋಡಲೇ ಇಲ್ಲ. ಮೂತಿಯ ಮುಂದೆ ಕೊಡೆಯನ್ನು ಫಟ್ಟನೆ ಬಿಚ್ಚಿದರು, ಅದು ಕಣ್ಣು ಮಿಟುಕಿಸಿತು. ನಾಲ್ಕೂ ಗೊರಸು ಎತ್ತಿಸಿ ನೋಡಿದರು. ಆಮೇಲೆ ಬಲಗಡೆಗೆ ಹೋಗಿ ಬೆನ್ನಿನ ಮೇಲೆ ಜೋತುಬಿದ್ದರು. ಬಿಜಲಿ ಒಂದು ಕಿವಿಯನ್ನು ಹಿಂದೆ ತಿರುಗಿಸಿ, ಮತ್ತೆ ಮೇವು ತಿನ್ನತೊಡಗಿತು.

"ಬಾ ಇಲ್ಲಿ" ಎಂದು ಕರೆದು ನನ್ನನ್ನು ಒಂದು ಕಲ್ಲಿನ ಮೇಲೆ ನಿಲ್ಲಿಸಿದರು. "ನಿನ್ನ ಎಡಗಾಲಾಗ ಬಲ ಇಲ್ಲ. ಎಡಗಡಿಯಿಂದ ಹತ್ತಬೇಕಂದ್ರ ಆ ಕಾಲ ಮ್ಯಾಲ ಭಾರ ಬೀಳ್ತದ. ಬಲಗಾಲು ಗಟ್ಟಿ ಅದ ನಿಂದು. ಈ ಕಡಿಯಿಂದ ಹತ್ತು. ಹೊಟ್ಟಿ ಮ್ಯಾಲ ಮಲಗು, ಆ ಕಾಲು ಕೈಲೆ ಎಳಕೋ. ಅಪ್ಪ ಇಲ್ಲದಾಗೂ ಹತ್ತಬೇಕಲ್ಲ ನೀ?"

ಹತ್ತಿದೆ. ಒದ್ದಾಡಿ, ಬೆವರಿ, ಫ್ರಾಕು ಹರಿದುಕೊಂಡು ಹತ್ತಿದೆ. ಯಾರೂ ಎತ್ತಲಿಲ್ಲ. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಯಾರು ಎತ್ತಬೇಕು ಎಂದೇ ಯೋಚಿಸಿದ್ದರು, ಪ್ರೀತಿಯಿಂದಲೇ. ನಾನು ಹೇಗೆ ಹತ್ತಬೇಕು ಎಂದು ಯೋಚಿಸಿದವರು ಅವರೊಬ್ಬರೇ. ಬೀದರಿನಲ್ಲಿ ಎಲ್ಲರೂ ನಕ್ಕಾಗ ಅವರು ನೋಡುತ್ತಿದ್ದದ್ದು ಇದನ್ನು.

ಬಿಜಲಿ ಔರಾದಕ್ಕೆ ಬಂದಾಗ ಆಯಿ ಬಾಗಿಲಲ್ಲಿ ನಿಂತಿದ್ದಳು. ಹಣೆ ನೋಡಿದವಳ ಮುಖ ಬಿಳಿಚಿಕೊಂಡಿತು. ಮನೆಯ ಹಿರಿಯಳು ಅವಳೇ. ಬೇಡವೆನ್ನಲು ಮೊಮ್ಮಗಳ ಮುಖ ನೋಡಬೇಕು, ಆಗಲಿ ಎನ್ನಲು ಜೀವಭಯ. ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಅಪ್ಪನಿಗೆ ತಾಯಿಯ ಮಾತು ಮೀರುವುದು ಗೊತ್ತಿರಲಿಲ್ಲ. ಲಗಾಮು ಹಿಡಿದು ರಸ್ತೆಯಲ್ಲೇ ನಿಂತರು. ಕುದುರೆ ಭಾಲ್ಕಿಗೆ ತಿರುಗಿ ಹೋಗುತ್ತದೆಂದು ನನಗೆ ಖಾತ್ರಿಯಾಯಿತು.

ನರ್ಸಬಾಯಿ ಕೇಳಿದರು, "ಆಯಿ, ಸುಳಿ ಯಾ ಮನಿ ಹಿರ್ಯಾರಿಗೆ ಆಗಿಬರಂಗಿಲ್ರಿ? ಕುದುರಿ ಕಟ್ಟಿದ ಮನಿದು ಹೌದಲ್ರಿ?"

"ಹೌದು."

"ಹಂಗಾದ್ರ ನನ್ನ ಅಂಗಳದಾಗ ಕಟ್ಟರಿ. ಅಲ್ಲಿ ಹಿರ್ಯಾಕಿ ನಾನ, ಕಿರ್ಯಾಕಿನೂ ನಾನ."

"ನಿಮಗೇನರ ಆದ್ರ ಬಾಯಾರ?" ಆಯಿ ಅವರ ತೋಳು ಹಿಡಿದಳು.

"ಆದ್ರ ಆಗ್ತದ. ಇಷ್ಟು ಮಂದಿಗೆ ಬರೋ ದಾರಿ ತೋರಿಸೀನಿ. ಹೋಗೋ ದಾರಿ ನಾನೂ ಒಂದಿನ ನೋಡಬೇಕಲ್ರಿ?" ಎಂದವರೇ ಅಪ್ಪನ ಕೈಯಿಂದ ಲಗಾಮು ತೆಗೆದುಕೊಂಡು ತಮ್ಮ ಬೇವಿನ ಮರಕ್ಕೆ ಕುದುರೆಯನ್ನು ಕಟ್ಟಿದರು. ಆಮೇಲೆ ಅಪ್ಪನಿಗೆ ಕೈ ತೊಳೆದುಕೊಳ್ಳಲು ಹೇಳಿದರು.

ಅವರ ಕಟ್ಟೆಯೇ ನನಗೆ ಹತ್ತುವ ಮೆಟ್ಟಿಲಾಯಿತು. ಬಿಜಲಿಯೂ ತನ್ನ ಹಳೆಯ ಕಸುಬು ಮರೆತಿರಲಿಲ್ಲ. ದಾರಿಯಲ್ಲಿ ಯಾರಾದರೂ ಕೈಯೆತ್ತಿದರೆ ಸವಾರಿ ಸಿಕ್ಕಿತೆಂದು ನಿಂತುಬಿಡುತ್ತಿತ್ತು. ಅವರು ಹತ್ತಿರ ಬಂದು ಮಾತಾಡುವವರೆಗೆ ಕದಲುತ್ತಿರಲಿಲ್ಲ. ಹೀಗಾಗಿ ಮೊದಲ ದಿನ ಹೊಲ ಮುಟ್ಟುವಷ್ಟರಲ್ಲಿ ಓಣಿಯ ಹುಡುಗರೆಲ್ಲ ನಡೆದೇ ಮುಂದೆ ಹೋಗಿದ್ದರು. ಆದರೆ ಬೆಂಕಿ ಇನ್ನೂ ಇತ್ತು. ಸೀತನಿ ಅಂಗೈ ಸುಡುತ್ತಿತ್ತು, ನಾಲಿಗೆಯೂ ಸುಟ್ಟಿತು. ಬಾಯಿತುಂಬ ಬೆಲ್ಲ, ಕಣ್ಣುತುಂಬ ಹೊಗೆ. ಅಷ್ಟು ಸುಖ ಆಮೇಲೆ ನನ್ನ ನೌಕರಿಯ ಮೊದಲ ದಿನವೂ ಆಗಲಿಲ್ಲ. ನಿಂತು ನಿಂತು ಹೋಗುವ ಆ ಕುದುರೆಯಿಂದಲೇ ನಾನು ಊರ ಮಂದಿಯನ್ನೆಲ್ಲ ಬಲ್ಲವಳಾದೆ. ಹೊರೆ ಹೊತ್ತು ಬರುವ ಹೆಣ್ಣುಮಕ್ಕಳು ಗಂಟನ್ನು ನನ್ನ ಮುಂದಿಟ್ಟು ಪಕ್ಕದಲ್ಲಿ ಮಾತಾಡುತ್ತ ಬರುತ್ತಿದ್ದರು. ಕುಂಟಿ ಎನ್ನುತ್ತಿದ್ದವರು ಕುದುರೆ ಹುಡುಗಿ ಎನ್ನತೊಡಗಿದರು.

ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, "ಬಾಯಾರ, ನೀವು ಸುಳಿ ನಂಬತೀರೇನ್ರಿ?"

"ನನ್ನ ನಂಬಿಕಿ ಇರ್ಲಿ ಬಿಡು. ನಿಮ್ಮ ಆಯಿಗೆ ಹೆದರಿಕಿ ಇತ್ತು. ಹೆದರೋ ಮನ್ಯಾಗ ಜಾನವಾರ ಕಟ್ಟಬಾರದು" ಎಂದರು. ನನ್ನ ಆಯಿಯನ್ನು ಒಮ್ಮೆಯೂ ಅವರು ಹೀಯಾಳಿಸಲಿಲ್ಲ.

ನಾನು ಬೀದರಿನಲ್ಲಿ ಕಾಲೇಜು ಓದುವಾಗ ನರ್ಸಬಾಯಿ ತೀರಿಕೊಂಡರು. ತುಂಬು ವಯಸ್ಸು, ಮಲಗಿದಲ್ಲೇ ಶಾಂತವಾಗಿ ಹೋದರು. ಕೊನೆಗೆ ನೀರು ಕೊಟ್ಟವಳು ನನ್ನ ಅವ್ವ. ಮಣ್ಣು ಮಾಡಿ ಬಂದ ಮರುದಿನ ಮುಂಜಾನೆ ಎದ್ದು ನೋಡಿದರೆ, ಆಯಿ ಬೇವಿನ ಮರದಿಂದ ಬಿಜಲಿಯನ್ನು ಬಿಚ್ಚಿ, ಬಾಗಿದ ಬೆನ್ನಿನಲ್ಲೇ ಎಳೆದುಕೊಂಡು ನಮ್ಮ ಅಂಗಳಕ್ಕೆ ತರುತ್ತಿದ್ದಳು. ಅಪ್ಪ ಓಡಿಹೋದರು. "ಆಚಿ ಸರಿ" ಎಂದಳು ಆಯಿ. "ಇಷ್ಟು ದಿನ ಆಕಿ ಕಟ್ಟಿಕೊಂಡಳು. ಇನ್ನ ನನ್ನ ಪಾಳಿ." ತನ್ನ ಕೈಯಾರೆ ಗೂಟಕ್ಕೆ ಕಟ್ಟಿ, ಅದರ ಹಣೆಯ ಜೋಡಿ ಸುಳಿಗೆ ಹಣೆ ಹಚ್ಚಿ ಅತ್ತಳು. ಆಯಿ ಅದಾದ ಮೇಲೂ ಬಹಳ ವರ್ಷ ಬದುಕಿದಳು. ಬಿಜಲಿ ನಮ್ಮ ಅಂಗಳದಲ್ಲೇ ಮುದಿಯಾಗಿ ಸತ್ತಿತು.

ಈಗ ಆಯಿ ಇಲ್ಲ, ಅಪ್ಪ ಅವ್ವ ಇಲ್ಲ. ಆ ಮೋಟುಗೋಡೆಯೂ ಇಲ್ಲ... ನಾನು ಮಾಸ್ತರಿಕೆ ಮಾಡುತ್ತ ತಮ್ಮನ ಮನೆಯ ಪಕ್ಕ ಒಬ್ಬಳೇ ಇದ್ದೇನೆ. ನನಗೆ ಇಷ್ಟೆಲ್ಲ ಕೊಟ್ಟವರಿಗೆ ಬದುಕಿದ್ದಾಗ ಒಂದು ಒಳ್ಳೆಯ ಮಾತನ್ನೂ ಹೇಳಿರಲಿಲ್ಲ. ಹೇಳಿದ್ದರೆ, ಮೊದಲು ಕೈ ತೊಳಿ ಎನ್ನುತ್ತಿದ್ದರೋ ಏನೋ.

ಜನವಾಡದ ಕುದುರೆಯ ಬಲಗಡೆ ನಿಂತು ಬೆನ್ನಿನ ಮೇಲೆ ಭಾರ ಹಾಕಿದೆ. ಅದು ಒಂದು ಕಿವಿ ತಿರುಗಿಸಿ ಸುಮ್ಮನಾಯಿತು. ಕೈಚೀಲದಿಂದ ಕೊಡೆ ತೆಗೆದು ಬಿಚ್ಚಿದೆ, ಬೆಚ್ಚಲಿಲ್ಲ. ಮಕ್ಕಳು ಹೊಟ್ಟೆಯ ಕೆಳಗೆ ನುಸುಳಿದರು, ಕಾಲು ಕದಲಿಸಲಿಲ್ಲ. ಇದೇ ಆಗಲಿ ಎಂದೆ. ಆಗ ಕುದುರೆಯವರು ಸಂಕೋಚದಿಂದ, "ಅಕ್ಕಾರ, ಒಂದು ಮಾತು ಹೇಳಬೇಕ್ರಿ. ಗಂಟಲ ಕೆಳಗ ಒಂದು ಸುಳಿ ಅದ. ಮನಿ ಹಿರ್ಯಾರಿಗೆ ಆಗಿಬರಂಗಿಲ್ಲ ಅಂತಾರ" ಎಂದರು. ತಮ್ಮನ ಹೆಂಡತಿ ನನ್ನ ಮುಖ ನೋಡಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

"ಕುದುರಿ ನನ್ನ ಅಂಗಳದಾಗ ಕಟ್ಟರಿ" ಎಂದೆ. "ಅಲ್ಲಿ ಹಿರ್ಯಾಕಿ ನಾನ, ಕಿರ್ಯಾಕಿನೂ ನಾನ."

ಮಕ್ಕಳಿಗೆ ತಿಳಿಯಲಿಲ್ಲ. ತಮ್ಮ ಮಾತ್ರ ಮುಖ ಆಚೆ ತಿರುಗಿಸಿ, ಕಣ್ಣು ಒರೆಸಿಕೊಂಡು, ಕೊಟ್ಟಿಗೆಯ ನಲ್ಲಿಯ ಕಡೆ ನಡೆದ. "ಕೈ ತೊಳಕೊಂಡು ಬರ್ತೇನಿ ಅಕ್ಕಾ" ಎಂದ.