ಗಾಲಿಮನೆಯಲ್ಲಿ ಹಾಲುಕ್ಕಿದ್ದು

ಆಗೆಲ್ಲ ದಸರಾ ರಜೆ ಅಂದರೆ ನಾವು ಎಲ್ಲಿಗೋ ಹೋಗುವುದಲ್ಲ, ನಮ್ಮ ಮನೆಗೇ ನೆಂಟರು ಬರುವುದು. ಶ್ರೀರಂಗಪಟ್ಟಣದ ಮನೆಯ ನಡುಮನೆಯಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗುತ್ತಿದ್ದೆವು. ಅಂಥ ಒಂದು ರಜೆಯಲ್ಲೇ ಚಿಕ್ಕಪ್ಪ, ತಾನು ಆಲೆಮನೆಗಳಿಂದ ಮಂಡ್ಯಕ್ಕೆ ಬೆಲ್ಲ ಸಾಗಿಸುತ್ತಿದ್ದ ವ್ಯಾನಿನೊಳಗೆ ಮಂಚ, ಕಪಾಟು, ಚಿಕ್ಕ ಗ್ಯಾಸ್ ಒಲೆ ಎಲ್ಲ ಕೂಡಿಸಿ, ಚಿಕ್ಕಮ್ಮನನ್ನು ಕರೆದುಕೊಂಡು ಕಾಶ್ಮೀರದವರೆಗೆ ಹೊರಟ. ಮೂರನೇ ಕ್ಲಾಸಿನ ನನ್ನನ್ನು ನಾಗಮಂಗಲದ ಅಜ್ಜಿಮನೆಗೆ ಬಿಟ್ಟು ಮುಂದೆ ಹೋಗುವುದೆಂದು ಮಾತಾಯಿತು.

ಎಷ್ಟು ತೊಳೆದರೂ ಆ ವ್ಯಾನಿನ ಬೆಲ್ಲದ ವಾಸನೆ ಹೋಗಿರಲಿಲ್ಲ. ಇರುವೆಗಳೂ ನಮ್ಮ ಜೊತೆಗೇ ಹೊರಟವು. ಕಿಟಕಿಗೆ ಚಿಕ್ಕಮ್ಮ ತನ್ನ ಹಳೇ ಸೀರೆಯ ಪರದೆ ಹೊಲಿದಿದ್ದಳು, ಹಸಿರು ಅಂಚು ಕೆಳಗೆ ಬರುವ ಹಾಗೆ. ಕಪಾಟಿನಲ್ಲಿ ಅರಿಶಿನದ ದಾರ ಕಟ್ಟಿದ ಹೊಸ ಹಾಲಿನ ಪಾತ್ರೆ. ಅದರ ಮೇಲೆಯೇ ಅವಳ ಜೀವ.

ಯಾಕೆಂದರೆ ನಮ್ಮ ದೊಡ್ಡ ಮನೆಯಲ್ಲಿ ಚಿಕ್ಕಮ್ಮ ತರಕಾರಿ ಹೆಚ್ಚುತ್ತಿದ್ದಳು, ರುಬ್ಬುತ್ತಿದ್ದಳು, ಬಡಿಸುತ್ತಿದ್ದಳು, ಆದರೆ ಒಲೆಯ ಮುಂದೆ ಕೂರುತ್ತಿದ್ದವಳು ಮಾತ್ರ ಅಜ್ಜಿ, ಅಂದರೆ ಚಿಕ್ಕಪ್ಪನ ಅವ್ವ. ತನ್ನದು ಅನ್ನುವ ಒಲೆ ಅವಳಿಗೆ ಇದೇ ಮೊದಲು. ಅದರಲ್ಲಿ ಹಾಲುಕ್ಕಿಸಿ ಹೊರಡಬೇಕೆಂದಿದ್ದಳು. ಅಜ್ಜಿ ಬಿಡಲಿಲ್ಲ. "ನಮ್ಮ ಬಾಗ್ಲಲ್ಲಿ ಇನ್ನೊಂದು ಒಲೆ ಅಚ್ಚಿದ್ರೆ ಮನೆ ಪಾಲಾಯ್ತು ಅಂತಾರೆ ಕಣವ್ವ. ಬೇಡ ಬುಡು."

"ದಾರೀಲಿ ನೆಂಟರಿಗೆಲ್ಲ ಹೇಳ್ಕಂಡು ಹೋಗೋದಿದೆಯಲ್ಲ, ಎಲ್ಲಾದ್ರೂ ಒಂದು ಕಡೆ ಹಚ್ಚಿದ್ರಾಯ್ತು" ಅಂದ ಚಿಕ್ಕಪ್ಪ. ತಪ್ಪಾದದ್ದೇ ಅಲ್ಲಿ. ಹೇಳಿ ಹೋಗಲು ಬಂದವರನ್ನು ಉಣ್ಣಿಸದೆ ಕಳಿಸುವ ಮನೆ ನಮ್ಮ ಕಡೆ ಯಾವುದಿತ್ತು?

ಪಾಂಡವಪುರದ ಅತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ವ್ಯಾನು ನಿಲ್ಲುವ ಮೊದಲೇ ಕೋಳಿ ಹಿಡಿಸಿದ್ದರು. ಚಿಕ್ಕಮ್ಮ ಮೆಲ್ಲಗೆ, "ಅತ್ತಿಗೆ, ಒಂದ್ ಲೋಟ ಹಾಲು ಮಾತ್ರ ಕಾಯಿಸ್ಕತೀನಿ, ವ್ಯಾನಲ್ಲಿ" ಅಂದಳು.

ಅತ್ತೆ ತಮ್ಮನ ಕಡೆ ತಿರುಗಿದರು. "ಏನ್ಲಾ, ನಮ್ಮನೆ ಒಲೆ ಬಿದ್ದೋಗ್ಯದಾ? ಊರೋರು ನೋಡಿದ್ರೆ ಏನಂದ್ಕಂಡಾರು? ಬಂದೋರಿಗೆ ಅಕ್ಕ ಹಾಲೂ ಕೊಡ್ಲಿಲ್ಲ ಅನ್ನಲ್ವಾ?"

ಹಾಗೆ ಒಂದು ದಿನದ ದಾರಿ ನಾಲ್ಕು ದಿನವಾಯಿತು. ಒಂದು ಮನೆಯಲ್ಲಿ ಒಬ್ಬಟ್ಟು, ಇನ್ನೊಂದರಲ್ಲಿ ಕಜ್ಜಾಯ. ರಾತ್ರಿ ಮಲಗುವುದೂ ಅವರ ಜಗಲಿಯಲ್ಲೇ. ನನಗೆ ಹಬ್ಬವೋ ಹಬ್ಬ. ಚಿಕ್ಕಮ್ಮ ಮಾತ್ರ ದಿನಾ ಬೆಳಿಗ್ಗೆ ಹಚ್ಚದ ಒಲೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು.

ಮೇಲುಕೋಟೆಯ ಕಲ್ಯಾಣಿಯ ಹತ್ತಿರ ಚಿಕ್ಕಪ್ಪ ಗಾಡಿ ನಿಲ್ಲಿಸಿದ. "ಇಲ್ಲಿ ನಮ್ಮೋರು ಯಾರೂ ಇಲ್ಲ. ಹಚ್ಬುಡು."

"ದೊಡ್ಡೋರು ಒಬ್ಬರೂ ಇಲ್ದೇನಾ? ಕದ್ದು ಮಾಡೋ ಕೆಲಸವಾ ಇದು?" ಅಂದಳು. ಆಮೇಲೆ ಕೃಷ್ಣರಾಜಪೇಟೆ ದಾಟುವವರೆಗೂ ಕಿಟಕಿಯಾಚೆಯ ಕಬ್ಬನ್ನೇ ನೋಡುತ್ತ ಕೂತಳು. ಇನ್ನುಳಿದದ್ದು ಎರಡೇ ಮನೆ. ಕಿಕ್ಕೇರಿಯಲ್ಲಿ ಅವಳನ್ನು ಸಾಕಿದ ದೊಡ್ಡವ್ವನದು, ನಾಗಮಂಗಲದಲ್ಲಿ ನನ್ನಮ್ಮನ ತವರು. ಆ ಅಜ್ಜಿಯೋ ನಮ್ಮಜ್ಜಿಗಿಂತ ಬಿಗಿ.

ದೊಡ್ಡವ್ವನ ಮನೆಯಲ್ಲಿ ಚಿಕ್ಕಮ್ಮ ಏನೂ ಕೇಳಲೇ ಇಲ್ಲ. ಕೊಟ್ಟ ಮುದ್ದೆ ಉಂಡಳು, ಹಾಸಿದಲ್ಲಿ ಮಲಗಿದಳು. ಬೆಳಿಗ್ಗೆ ದೊಡ್ಡವ್ವ "ಎಲ್ಲವ್ವಾ ನಿನ್ನರಮನೆ, ತೋರ್ಸು" ಅಂತ ಸೊಂಟ ಹಿಡಿದುಕೊಂಡು ವ್ಯಾನು ಹತ್ತಿದರು. ಪರದೆ ಮುಟ್ಟಿದರು, ಮಂಚ ಒತ್ತಿ ನೋಡಿದರು. ದಾರ ಕಟ್ಟಿದ ಪಾತ್ರೆಯ ಹತ್ತಿರ ಕೈ ನಿಂತಿತು.

"ಆಲುಕ್ಕಿಸ್ಲಿಲ್ವಾ?"

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದಳು. ಎಲ್ಲ ಮನೆಯ ಕಥೆಯನ್ನೂ ಚಿಕ್ಕಪ್ಪನೇ ಹೇಳಬೇಕಾಯಿತು.

ದೊಡ್ಡವ್ವ ಹೋಗಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಸರಿ. ನಾನೀಗ ನಿಮ್ಮನೆಗೆ ಬಂದಿರೋ ನೆಂಟಿ. ಬಂದೋರ್ನ ಬರೀ ಹೊಟ್ಟೇಲಿ ಕಳಿಸ್ತೀಯಾ? ಇದೇನಾ ನಾನು ಕಲಿಸಿದ್ದು?"

ಚಿಕ್ಕಮ್ಮ ಓಡಿಹೋಗಿ ಹಿತ್ತಲಿಂದ ಆಗತಾನೆ ಕರೆದ ಹಾಲು ತಂದಳು. ಒಲೆಗೆ ಕುಂಕುಮವಿಟ್ಟು ಕಡ್ಡಿ ಗೀಚಿದಳು. ಮೊದಲ ಕಡ್ಡಿ ಆರಿತು, ಇನ್ನೊಂದು ಗೀಚಿದಳು. ಹಾಲು ಕೆನೆಗಟ್ಟಿ, ಉಬ್ಬಿ, ಪಾತ್ರೆಯ ಒಂದು ಮಗ್ಗುಲಿಂದ ಸುರ್ರಂತ ಇಳಿಯಿತು. ಚಿಕ್ಕಪ್ಪ ಕೂಡಿಸಿದ್ದ ಒಲೆಯೇ ಒಂದು ಕಡೆಗೆ ಓರೆಯಾಗಿತ್ತು. ಹಾಲು ಇಳಿದದ್ದು ಪಡುವಣಕ್ಕೆ.

"ಮೂಡ್ಲಿಗೆ ಉಕ್ಬೇಕಿತ್ತಲ್ಲವ್ವಾ..." ಅಂದರು ದೊಡ್ಡವ್ವ. ಚಿಕ್ಕಮ್ಮನ ಮುಖ ಸಣ್ಣಗಾಯಿತು.

"ಅದಕ್ಯಾಕೆ ಯೋಚ್ನೆ? ಮನೇನೇ ತಿರುಗಿಸ್ತೀನಿ, ಗಟ್ಟಿಯಾಗಿ ಕೂತ್ಕಳಿ" ಅಂತ ಚಿಕ್ಕಪ್ಪ ಒಲೆ ಆರಿಸಿ, ಸೀಟಿಗೆ ಜಿಗಿದು ಎಂಜಿನ್ ಚಾಲೂ ಮಾಡಿದ. ವ್ಯಾನು ಹಿಂದೆ ಮುಂದೆ ಆಡಿ, ಸಗಣಿ ಸಾರಿಸಿದ ಅಂಗಳದಲ್ಲಿ ಗಾಲಿಯ ಗುರುತು ಮೂಡಿಸಿ, ಪೂರ್ತಿ ತಿರುಗಿ ನಿಂತಿತು. ಚಿಕ್ಕಮ್ಮ ಪಾತ್ರೆಯನ್ನು ಎದೆಗೆ ಅವುಚಿಕೊಂಡಿದ್ದಳು. ದೊಡ್ಡವ್ವ ಮಂಚದ ಕಾಲು ಹಿಡಿದು, "ಅಯ್ಯೋ, ನಿಮ್ಮನೆ ಕುಣೀತದಲ್ಲಪ್ಪಾ ಅಳಿಯಂದ್ರೇ! ಮೇಸ್ತ್ರಿಗೆ ಕೂಲಿ ಕೊಡ್ಲಿಲ್ವಾ?" ಅಂತ ನಕ್ಕೂ ನಕ್ಕೂ ಕೆಮ್ಮಿದರು.

ಎರಡನೇ ಸಲ ಹಾಲು ಮೂಡಲಿಗೆ ಉಕ್ಕಿತು. ಸಕ್ಕರೆ ಹಾಕಿ ಚಿಕ್ಕಮ್ಮ ಮೊದಲ ಲೋಟ ದೊಡ್ಡವ್ವನಿಗೆ ಕೊಟ್ಟು ಕಾಲಿಗೆ ಬಿದ್ದಳು. ಆಮೇಲೆ ಉಪ್ಪಿಟ್ಟು ಮಾಡಿದಳು. ಉಪ್ಪು ಒಂದು ಹರಳು ಹೆಚ್ಚಾಗಿತ್ತು. ಆದರೂ ದೊಡ್ಡವ್ವ ಇನ್ನೊಂದು ಸಲ ಹಾಕಿಸಿಕೊಂಡರು. ಬಡಿಸುವಾಗ ಅವಳ ಕೈಬಳೆಯ ಸದ್ದು ಸಹ ನನಗೆ ಬೇರೆಯಾಗಿ ಕೇಳಿಸಿತು.

ಅವರು ಕಾಶ್ಮೀರ ನೋಡಿದರು, ಯುಗಾದಿಯ ಹೊತ್ತಿಗೆ ಮನೆಗೂ ಬಂದರು. ಮಂಜಿನ ಬೆಟ್ಟದ ಬಗ್ಗೆ ಕೇಳಿದರೆ ಚಿಕ್ಕಮ್ಮ, "ತಣ್ಣಗಿತ್ತು ಕಣೇ, ಅನ್ನ ಬೇಯಕ್ಕೇ ತಡ" ಅನ್ನುತ್ತಿದ್ದಳು, ಅಷ್ಟೇ.

ಈಗ ನಾನೂ ನನ್ನ ಯಜಮಾನರೂ ಅದೇ ದಾರಿಯಲ್ಲಿ ಕಾರಿನಲ್ಲಿ ಓಡಾಡುತ್ತೇವೆ. ರಸ್ತೆ ಚೆನ್ನಾಗಿದೆ, ಬಿಸಿ ಕಾಫಿ ಎಲ್ಲಿ ಬೇಕಾದರೂ ಸಿಗುತ್ತದೆ, ಮಾತಿಗೂ ಕೊರತೆಯಿಲ್ಲ. ಪಾಂಡವಪುರದ ಅತ್ತೆಯ ಮನೆಯವರಿಗೆ ಫೋನು ಮಾಡಿ, "ಹಾಗೇ ಹೋಗ್ತಿದೀವಿ, ತೊಂದರೆ ತಗೋಬೇಡಿ" ಅನ್ನುತ್ತೇನೆ. ಅವರೂ ತಗೊಳ್ಳುವುದಿಲ್ಲ. ಯಾರ ಜಗಲಿಯನ್ನೂ ಹತ್ತದೆ, ಹೇಳಿದ ಹೊತ್ತಿಗೆ ಸರಿಯಾಗಿ ನಾಗಮಂಗಲ ಸೇರಿಬಿಡುತ್ತೇವೆ.